ಗ್ರಾಮಸಭೆಯ ಕಾಡಿನಲ್ಲಿ ವರ್ಷಕ್ಕೆ ಎಷ್ಟು ಮರ ಕಡಿಯಬಹುದು? ಮಿತಿ ಹಾಕುವವರು ಯಾರು?

ಕತಗಾಲದವ (ಪುಣೆ, ವಾರಜೆ)

ಸಂಘದ ವಾಚನಾಲಯದಲ್ಲಿ ಭಾನುವಾರ ಎದ್ದ ಮಾತು ಚಹಾ ಬರುವಷ್ಟರಲ್ಲಿ ಜಗಳಕ್ಕೆ ತಿರುಗಿ ಅರ್ಧಕ್ಕೆ ನಿಂತಿತು. ಇಲ್ಲಿ ಮುಂದುವರಿಸೋಣ. ಬರೆಯುವಾಗ ಕನಿಷ್ಠ ಒಬ್ಬರ ಮಾತನ್ನು ಇನ್ನೊಬ್ಬರು ಪೂರ್ತಿ ಕೇಳಿಸಿಕೊಳ್ಳುತ್ತಾರೆ.

ವಿಷಯ ಇಷ್ಟು. 2006ರ ಅರಣ್ಯ ಹಕ್ಕು ಕಾಯ್ದೆಯು ತನ್ನ ಸಾಮುದಾಯಿಕ ಅರಣ್ಯವನ್ನು ಕಾಯುವ, ಬೆಳೆಸುವ, ನಿರ್ವಹಿಸುವ ಹಕ್ಕನ್ನು ಗ್ರಾಮಸಭೆಗೆ ಕೊಟ್ಟಿದೆ. ಬಿದಿರು, ಬೆತ್ತ, ಜೇನು, ಮೇಣ, ಅರಗು, ಬೀಡಿ ಎಲೆ, ಔಷಧಿ ಗಿಡಗಳ ಒಡೆತನವೂ ಊರಿನದೇ. ನಾಟಾ, ಅಂದರೆ ದಿಮ್ಮಿಯಾಗಿ ಕಡಿದು ಕೊಯ್ಯುವ ಮರ, ಮಾತ್ರ ಆ ಪಟ್ಟಿಯಲ್ಲಿ ಇಲ್ಲ. ಅತ್ತ ಗ್ವಾಟೆಮಾಲಾದ ಪೆಟೆನ್ ಸೀಮೆಯಲ್ಲಿ, ಮೆಕ್ಸಿಕೋದ ಕಿಂಟಾನಾ ರೋದಲ್ಲಿ ಹಳ್ಳಿಗರ ಸಂಸ್ಥೆಗಳೇ ಮಹಾಗನಿ ಕಡಿದು, ಕೊಯ್ದು, ಮಾರುತ್ತಿವೆ. ನಮ್ಮ ಗ್ರಾಮಸಭೆಗಳಿಗೂ ನಾಟಾ ಕೊಡಬೇಕೆಂದು ಭಾನುವಾರ ಕೆಲವರು ವಾದಿಸಿದರು. ಹೆಕ್ಟೇರಿಗೆ ಇಷ್ಟು ಘನ ಮೀಟರ್ ಎಂದು ಸರ್ಕಾರ ಗೆರೆ ಎಳೆದರೆ ಸಾಕು, ಮುಂದಿನದನ್ನು ಹಳ್ಳಿಯವರು ನೋಡಿಕೊಳ್ಳುತ್ತಾರೆ ಎಂಬುದು ಅವರ ಮಾತು.

ಆ ಗೆರೆಯ ಬಗ್ಗೆಯೇ ನನಗೆ ನಂಬಿಕೆ ಇಲ್ಲ. ಬೇರೆ ಕಾಡಿಗೆ ಹಾಕಿದ ಅಂಕಿಯನ್ನು ತಂದು ನಮ್ಮ ಮತ್ತಿ, ಹೊನ್ನೆ, ನಂದಿಗಳ ಮೇಲೆ ಹೊರಿಸಿದರೆ ಅದು ಮಿತಿ ಆಗುವುದಿಲ್ಲ, ಕಡಿಯಲು ಸಿಕ್ಕ ರಹದಾರಿ ಆಗುತ್ತದೆ. ಪ್ರತಿ ಜಾತಿಯ ಎಣಿಕೆ ಆಗಬೇಕು, ಎಣಿಕೆಯ ಪುಸ್ತಕ ಊರಿನಲ್ಲಿ ಇರಬೇಕು, ಅದನ್ನು ಯಾರು ಬೇಕಾದರೂ ತೆರೆದು ನೋಡುವಂತಿರಬೇಕು. ನಿಮ್ಮ ಅಭಿಪ್ರಾಯ ಬರೆಯಿರಿ.

ಮಾಟುಂಗಾ ರಾಯ (ಮುಂಬಯಿ)

ಚರ್ಚೆಯ ಹೆಸರನ್ನು ನೋಡಿಯೇ ಸಂಕಟವಾಯಿತು. 1983ರ ಸೆಪ್ಟೆಂಬರ್ 8ರಂದು ಉತ್ತರ ಕನ್ನಡದ ಶಿರಸಿ ತಾಲೂಕಿನ ಸಲ್ಕಣಿಯ ಗಂಡಸರು ಹೆಂಗಸರು ಕಳಸೆ ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿ ನಿಂತರಲ್ಲ, ಅವರ ಜಿಲ್ಲೆಯವರೇ ಈಗ "ಎಷ್ಟು ಕಡಿಯಬಹುದು" ಎಂದು ಕೇಳುತ್ತಿದ್ದೀರಿ. ಸುಪ್ರೀಂ ಕೋರ್ಟು 1996ರಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಕಡಿಯುವುದನ್ನು ನಿಲ್ಲಿಸಿತು. ಅಲ್ಲಿಗೆ ಮಾತು ಮುಗಿಯಿತು. ಸಹ್ಯಾದ್ರಿಯ ಮಿತಿ ಸೊನ್ನೆ.

ಕಾಳಿತೀರ (ಗೋವಾ, ಮಡಗಾಂವ)

ರಾಯರೇ, ನಮಸ್ಕಾರ. ನಾನು ಕರ್ನಾಟಕ ಅರಣ್ಯ ಇಲಾಖೆಯಲ್ಲಿ ದುಡಿದು ನಿವೃತ್ತನಾಗಿ ಈಗ ಮಗನ ಮನೆಯಲ್ಲಿದ್ದೇನೆ. 12 ಡಿಸೆಂಬರ್ 1996ರ ಆದೇಶ ನೀವು ಹೇಳಿದಷ್ಟು ಸರಳವಾಗಿಲ್ಲ. ಕೇಂದ್ರ ಸರ್ಕಾರ ಒಪ್ಪಿದ ಕಾರ್ಯಯೋಜನೆ ಇಲ್ಲದೆ ಕಡಿಯುವಂತಿಲ್ಲ ಎಂಬುದು ಅದರ ತಿರುಳು. ಯೋಜನೆ ಇದ್ದಲ್ಲಿ ಕೂಪುಗಳು ನಡೆದಿವೆ. ಮಹಾರಾಷ್ಟ್ರದ ಸಾಗವಾನಿ ಕಾಡುಗಳಲ್ಲಿ ಇಂದಿಗೂ ನಡೆಯುತ್ತಿವೆ.

ಕೂಪು ಎಂದರೆ ಕಂಡದ್ದನ್ನೆಲ್ಲ ಉರುಳಿಸುವುದಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಕಾಡನ್ನು ಭಾಗ ಮಾಡುತ್ತೇವೆ, ಪ್ರತಿ ವರ್ಷ ಒಂದು ಭಾಗ. ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ಎದೆಮಟ್ಟದಲ್ಲಿ, ಟೇಪು ಸುತ್ತಿ ಸುತ್ತಳತೆ ತೆಗೆಯುತ್ತೇವೆ. ನಿಗದಿತ ಸುತ್ತಳತೆ ದಾಟದ ಮರಕ್ಕೆ ಸುತ್ತಿಗೆ ಗುರುತು, ಅಂದರೆ ಕಡಿಯಬಹುದು ಎಂಬ ಇಲಾಖೆಯ ಮುದ್ರೆ, ಬೀಳುವುದಿಲ್ಲ. ಗುರುತನ್ನು ಎರಡು ಕಡೆ ಹಾಕುತ್ತೇವೆ. ಒಂದು ಎದೆಮಟ್ಟದಲ್ಲಿ, ಇನ್ನೊಂದು ಬುಡದಲ್ಲಿ. ಮರ ಹೋದ ಮೇಲೆ ಮೋಟಿನ ಮೇಲಿನ ಗುರುತು ಸಾಕ್ಷಿಯಾಗಿ ಉಳಿಯುತ್ತದೆ. ನೀರಿನ ಕೊಳ್ಳದ ಅಂಚಿನಲ್ಲಿ, ಕಡಿದಾದ ಇಳಿಜಾರಿನಲ್ಲಿ, ಬೀಜದ ಮರಗಳ ಮೇಲೆ ಗುರುತು ಹಾಕುವಂತಿಲ್ಲ. ಇದೆಲ್ಲ ನೂರು ವರ್ಷಕ್ಕೂ ಹಳೆಯ ವಿದ್ಯೆ.

ಕತಗಾಲದವರೇ, ಗ್ರಾಮಸಭೆಗೆ ನಾಟಾ ಕೊಟ್ಟರೆ ಆ ಸುತ್ತಿಗೆ ಯಾರ ಮನೆಯಲ್ಲಿ ಇರುತ್ತದೆ? ಇದಕ್ಕೆ ಉತ್ತರ ಹೇಳಿ, ಮುಂದೆ ಹೋಗೋಣ.

ಕತಗಾಲದವ (ಪುಣೆ, ವಾರಜೆ)

ಸರ್, ಸುತ್ತಿಗೆ ಇಲಾಖೆಯ ಪೆಟ್ಟಿಗೆಯಲ್ಲಿ ಬೀಗ ಹಾಕಿಕೊಂಡೇ ಇದ್ದ ಕಾಲದ ಕಥೆಯನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ದಾಂಡೇಲಿಯ ಕಾಗದದ ಕಾರ್ಖಾನೆಗೆ 1958ರಲ್ಲಿ ನಮ್ಮ ಜಿಲ್ಲೆಯ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಟ್ಟರು. ಬುಟ್ಟಿ ನೇಯುವ ಮೇದಾರರು ಅದೇ ಬಿದಿರಿಗೆ ಪೇಟೆಯಲ್ಲಿ ಅದರ ಎಷ್ಟೋ ಪಟ್ಟು ಕೊಡುತ್ತಿದ್ದರು. ಕಾರ್ಯಯೋಜನೆ ಇತ್ತು, ಅಂದಾಜು ಇತ್ತು, ಮೊಹರೂ ಇತ್ತು. ಕಾಡಿನಲ್ಲಿ ಇದ್ದ ಬಿದಿರಿಗಿಂತ ಕಾಗದದ ಮೇಲಿದ್ದ ಬಿದಿರು ಹಲವು ಪಟ್ಟು ಹೆಚ್ಚಾಗಿತ್ತು, ಅಷ್ಟೆ.

ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು 1970ರ ದಶಕದಲ್ಲಿ ಅಲ್ಲಿ ಅಧ್ಯಯನ ಮಾಡಿದಾಗ ಇನ್ನೊಂದು ಸಂಗತಿ ಸಿಕ್ಕಿತು. ಬಿದಿರಿನ ಮೆಳೆಯ ಬುಡದಲ್ಲಿ ಹೆಣೆದುಕೊಂಡ ಮುಳ್ಳಿನ ಹಿಂಡನ್ನು ಸವರಿ ಸ್ವಚ್ಛ ಮಾಡಿದರೆ ಗಳಗಳು ಒತ್ತೊತ್ತಾಗದೆ ಚೆನ್ನಾಗಿ ಬರುತ್ತವೆ ಎಂದು ಇಲಾಖೆ ತಿಳಿದಿತ್ತು. ಮುಳ್ಳು ತೆಗೆದರೆ ಕಳಲೆ ಉಳಿಯುವುದಿಲ್ಲ ಎಂದು ಊರವರು ಹೇಳುತ್ತಿದ್ದರು. ಎಣಿಸಿ ನೋಡಿದಾಗ ಊರವರ ಮಾತೇ ನಿಜವಾಯಿತು. ಮುಳ್ಳು ಸವರಿದ ಮೆಳೆಗಳಲ್ಲಿ ಎಳೆಯ ಕಳಲೆಯನ್ನು ದನ, ಮುಸುವ, ಹಂದಿಗಳು ತಿಂದು ಮುಗಿಸುತ್ತಿದ್ದವು.

ಆದ್ದರಿಂದ ಸುತ್ತಿಗೆ ಯಾರ ಮನೆಯಲ್ಲಿ ಎಂಬುದಕ್ಕಿಂತ ಎಣಿಕೆ ಯಾರು ಮಾಡಿದರು, ಅದನ್ನು ಯಾರು ಪ್ರಶ್ನಿಸಬಹುದು ಎಂಬುದು ಹಿರಿಯ ಪ್ರಶ್ನೆ.

ಕಾಳಿತೀರ (ಗೋವಾ, ಮಡಗಾಂವ)

ಒಂದು ಕಾರ್ಖಾನೆಯ ಒಪ್ಪಂದವನ್ನು ಇಟ್ಟುಕೊಂಡು ಇಡೀ ವಿದ್ಯೆಯನ್ನು ತೂಗಬೇಡಿ. ಆ ದರ ನಿಗದಿ ಮಾಡಿದವರು ಕಾಡಿನಲ್ಲಿ ಇರಲಿಲ್ಲ.

ಗೀಜಗ (ಮುಂಬಯಿ, ಮುಲುಂಡ)

ನಾನು ಪರಿಸರ ವಿಜ್ಞಾನದ ವಿದ್ಯಾರ್ಥಿನಿ. "ಹೆಕ್ಟೇರಿಗೆ ಇಷ್ಟು ಘನ ಮೀಟರ್" ಎಂಬ ಅಂಕಿ ಎಲ್ಲಿಂದ ಬರುತ್ತದೆ ಎಂದು ಬಿಡಿಸಿ ಹೇಳಿದರೆ ವಾದಕ್ಕೆ ಅನುಕೂಲವಾದೀತು.

ಬ್ರೆಜಿಲ್ ದೇಶದ ಅಮೆಜಾನ್ ಕಾಡಿಗೆ ಅನ್ವಯಿಸುವ ನಿಯಮದಲ್ಲಿ ಹೆಕ್ಟೇರಿಗೆ ಗರಿಷ್ಠ 30 ಘನ ಮೀಟರ್ ಎಂದಿದೆ. ಒಮ್ಮೆ ಕಡಿದ ಜಾಗಕ್ಕೆ 35 ವರ್ಷ ಹೋಗುವಂತಿಲ್ಲ. ಈ 30 ಹೇಗೆ ಬಂತು? ಮಾರಾಟಕ್ಕೆ ಬರುವ ಮರ ವರ್ಷಕ್ಕೆ ಹೆಕ್ಟೇರಿಗೆ 0.86 ಘನ ಮೀಟರಿನಷ್ಟು ಬೆಳೆಯುತ್ತದೆ ಎಂದು ಹಿಡಿದರು. 0.86ನ್ನು 35ರಿಂದ ಗುಣಿಸಿದರೆ 30.1. ಅಷ್ಟೇ ಲೆಕ್ಕ. ದಿಮ್ಮಿ ಎಳೆಯಲು ಯಂತ್ರ ಬಳಸದ ಸಣ್ಣ ಹಿಡುವಳಿಗಳಿಗೆ ಬೇರೆ ನಿಯಮ ಇದೆ: ಹೆಕ್ಟೇರಿಗೆ 10 ಘನ ಮೀಟರ್, 10 ವರ್ಷದ ಸುತ್ತು. ಇಲ್ಲಿ ಅದೇ 0.86ನ್ನು ಹತ್ತರಿಂದ ಗುಣಿಸಿ ನೋಡಿ, 8.6 ಬರುತ್ತದೆ. ನಿಯಮ 10 ಎನ್ನುತ್ತದೆ. ಆದ್ದರಿಂದ ಇಂಥ ಅಂಕಿಗಳನ್ನು ಕಲ್ಲಿನ ಮೇಲೆ ಕೆತ್ತಿದ್ದು ಎಂದು ಯಾರೂ ಭಾವಿಸಬೇಕಿಲ್ಲ.

ಈಗ ಇದೇ ಲೆಕ್ಕವನ್ನು ಮರದ ಕಡೆಯಿಂದ ಮಾಡೋಣ. ಉದಾಹರಣೆಗೆ ಒಂದು ಜಾತಿ ಹಿಡಿಯಿರಿ. 150 ಸೆಂಟಿಮೀಟರ್ ಸುತ್ತಳತೆ ದಾಟಿದ್ದನ್ನು ಕಡಿಯಬಹುದು ಎಂದಿಟ್ಟುಕೊಳ್ಳಿ. ಸುತ್ತಳತೆ ವರ್ಷಕ್ಕೆ 1.2 ಸೆಂಟಿಮೀಟರ್ ಹೆಚ್ಚುತ್ತದೆ ಎಂದಿಟ್ಟುಕೊಳ್ಳಿ. ಇಂದು ದೊಡ್ಡವನ್ನೆಲ್ಲ ಕಡಿದು 25 ವರ್ಷದ ನಂತರ ಬಂದರೆ ಯಾವ ಮರಗಳು ಸಿದ್ಧವಾಗಿರುತ್ತವೆ? ಇಂದು 120ರಿಂದ 150ರ ನಡುವೆ ಇರುವವು ಮಾತ್ರ. ಅವುಗಳಲ್ಲಿಯೂ ಎಲ್ಲವೂ ಬದುಕಿರುವುದಿಲ್ಲ. ಉಷ್ಣವಲಯದ ಕಾಡಿನಲ್ಲಿ ವರ್ಷಕ್ಕೆ ನೂರಕ್ಕೆ ಒಂದೆರಡು ಮರ ತಾವಾಗಿಯೇ ಸಾಯುತ್ತವೆ. ಒಂದೂವರೆ ಎಂದು ಹಿಡಿದರೆ 25 ವರ್ಷದಲ್ಲಿ ನೂರರಲ್ಲಿ ಸುಮಾರು 69 ಉಳಿಯುತ್ತವೆ. 50 ವರ್ಷ ಕಾದರೆ 90ರಿಂದ 150ರ ತನಕದ ಗುಂಪು ಪೂರ್ತಿ ಮೇಲೆ ಬರುತ್ತದೆ, ಆದರೆ ನೂರರಲ್ಲಿ 47 ಮಾತ್ರ ಬದುಕಿರುತ್ತವೆ.

ಅಂದರೆ ಮಿತಿಯನ್ನು ಹೇಳುವುದು ಕಡಿಯಲು ಯೋಗ್ಯವಾದ ದೊಡ್ಡ ಮರಗಳಲ್ಲ, ಅವುಗಳ ಕೆಳಗಿನ ವರ್ಗದ ಮರಗಳು. ದೊಡ್ಡವು ನೂರಿದ್ದು ನಡುವಣವು ಇಪ್ಪತ್ತೇ ಇದ್ದರೆ ಆ ಜಾತಿಗೆ ಕೈ ಹಚ್ಚಬಾರದು. ಒಟ್ಟು ಘನ ಮೀಟರಿನಲ್ಲಿ ಇದು ಕಾಣಿಸುವುದೇ ಇಲ್ಲ.

ದಿಮ್ಮಿ ಅಣ್ಣ (ಪುಣೆ, ಟಿಂಬರ್ ಮಾರ್ಕೆಟ್)

ತಂಗಿ ಬರೆದದ್ದನ್ನು ಎರಡು ಸಲ ಓದಿದೆ. ಘನ ಮೀಟರ್ ಎಂದಿರಲ್ಲ, ಯಾವ ಘನ ಮೀಟರ್?

ನಮ್ಮ ವ್ಯಾಪಾರದಲ್ಲಿ ದಿಮ್ಮಿಯ ನಡುವಿನ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುತ್ತಾರೆ. 120 ಸೆಂಟಿಮೀಟರ್ ಸುತ್ತಳತೆ, 3 ಮೀಟರ್ ಉದ್ದದ ದಿಮ್ಮಿ ಈ ಲೆಕ್ಕದಲ್ಲಿ 0.27 ಘನ ಮೀಟರ್. ಗಣಿತದ ಮೇಷ್ಟ್ರನ್ನು ಕೇಳಿದರೆ ಅದೇ ದಿಮ್ಮಿ 0.34ಕ್ಕೂ ಸ್ವಲ್ಪ ಹೆಚ್ಚು. ನೂರರಲ್ಲಿ ಇಪ್ಪತ್ತೊಂದೂವರೆಯಷ್ಟು ಮರ ಲೆಕ್ಕದಲ್ಲೇ ಮಾಯ. ಕೊಯ್ಯುವಾಗ ಹೋಗುವ ಅಂಚು, ತೊಗಟೆಗಾಗಿ ಬಿಟ್ಟದ್ದು ಎಂದು ನಾವು ಸಮಜಾಯಿಷಿ ಕೊಡುತ್ತೇವೆ. ವ್ಯಾಪಾರಿಗೆ ಅದು ಸರಿ. ಕಾಡಿಗೆ ಮಿತಿ ಹಾಕುವವರು ಮಾತ್ರ ಯಾವ ಲೆಕ್ಕ ಎಂದು ಮೊದಲೇ ಬರೆದಿಡದಿದ್ದರೆ, 30 ಎಂದು ಒಪ್ಪಿಗೆ ಪಡೆದು 38 ಸಾಗಿಸುವವರು ಬರುತ್ತಾರೆ. ಕಾನೂನು ಮುರಿಯುವ ಅಗತ್ಯವೇ ಇಲ್ಲ.

ಇನ್ನೊಂದು. ಪೇಟೆ ಕೇಳುವುದು ನಾಲ್ಕೈದು ಜಾತಿಯನ್ನು. ಪುಣೆಯಲ್ಲಿ ಬಾಗಿಲ ಚೌಕಟ್ಟಿಗೆ ಸಾಗವಾನಿ ಎಂದು ಕೇಳಿ ಬರುವವರಿಗೆ ನಾವು ಕೊಡುವುದು ಹೆಚ್ಚಾಗಿ ಆಫ್ರಿಕಾ ಅಥವಾ ದಕ್ಷಿಣ ಅಮೆರಿಕದ ನೆಡುತೋಪಿನ ಮರ, ಕಾಂಡ್ಲಾ ಬಂದರಿನಲ್ಲಿ ಇಳಿದದ್ದು. ಕಿಂದಳ, ಮತ್ತಿ ಎಂದರೆ ಗಿರಾಕಿ ಮುಖ ತಿರುಗಿಸುತ್ತಾನೆ. ನಿಮ್ಮ ಗ್ರಾಮಸಭೆ ಮೂವತ್ತು ಜಾತಿಗೆ ಹಂಚಿ ಮಿತಿ ಹಾಕಿದರೂ ಲಾರಿಗೆ ಏರುವುದು ಮೂರೇ ಜಾತಿ.

ಮಾಟುಂಗಾ ರಾಯ (ಮುಂಬಯಿ)

ಇದನ್ನೇ ನಾನು ಹೇಳುತ್ತಿರುವುದು. ಇಷ್ಟು ಕಳ್ಳದಾರಿಗಳು ಇರುವಾಗ ಬಾಗಿಲು ತೆರೆಯುವುದೇಕೆ?

ದಿಮ್ಮಿ ಅಣ್ಣ (ಪುಣೆ, ಟಿಂಬರ್ ಮಾರ್ಕೆಟ್)

ರಾಯರೇ, ನಿಮ್ಮ ಮನೆಯ ಬಾಗಿಲು ಯಾವುದರದ್ದು ಎಂದು ಒಮ್ಮೆ ತಟ್ಟಿ ನೋಡಿ. ಇಲ್ಲಿ ಸೊನ್ನೆ ಎಂದರೆ ಇನ್ನೊಂದು ದೇಶದ ಕಾಡಿನಲ್ಲಿ ಸೊನ್ನೆಗಿಂತ ಹೆಚ್ಚು.

ಕುಳಾಗರ (ಗೋವಾ, ಫೋಂಡಾ)

ನನ್ನ ತವರು ಸಿದ್ದಾಪುರದ ಕಡೆ, ಮದುವೆಯಾಗಿ ಬಂದದ್ದು ಗೋವಾಕ್ಕೆ. ಎರಡೂ ಕಡೆಯ ಕಾಡನ್ನು ನೋಡಿದವಳಾಗಿ ಒಂದೆರಡು ಮಾತು.

ತವರಿನಲ್ಲಿ ಸೊಪ್ಪಿನಬೆಟ್ಟ ಇದೆ. ಬ್ರಿಟಿಷರ ಕಾಲದಿಂದ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆ ತನಕ ಬೆಟ್ಟ. ಸೊಪ್ಪು, ದರಕು (ಉದುರಿದ ಒಣ ಎಲೆ), ಒಣಗಿದ ಕಟ್ಟಿಗೆ ತರಬಹುದು, ಮರ ಸರ್ಕಾರದ್ದು. ಇದರ ಫಲ ಮನೆಯಿಂದ ಮನೆಗೆ ಬೇರೆ. ಕೆಲವರು ಕೊಂಬೆಯನ್ನು ಅಳತೆಯಲ್ಲಿ ಕಡಿದು, ತುದಿ ಬಿಟ್ಟು, ಬೆಟ್ಟವನ್ನು ಹಸಿರಾಗಿ ಇಟ್ಟಿದ್ದಾರೆ. ಕೆಲವರ ಬೆಟ್ಟದಲ್ಲಿ ಮರಗಳು ಕಂಬಗಳಂತೆ ನಿಂತಿವೆ, ಕೆಳಗೆ ಒಂದು ಸಸಿ ಇಲ್ಲ. ಮರ ತಮ್ಮದಲ್ಲ ಎಂದಾದ ಮೇಲೆ ಸಸಿ ಬೆಳೆಸುವ ಉಸಾಬರಿ ಯಾರಿಗೆ ಬೇಕು ಎಂದು ನನ್ನ ಅಜ್ಜ ನೇರವಾಗಿಯೇ ಹೇಳುತ್ತಿದ್ದರು. ಹೀಗಿರುವಾಗ ಬರಿಯ ಮಿತಿ ಕಾಡನ್ನು ಉಳಿಸುತ್ತದೆ ಎಂದು ನನಗೆ ಅನಿಸುವುದಿಲ್ಲ. ಮುಂದೆ ಬರುವ ಮರ ಯಾರದ್ದು ಎಂದು ಗೊತ್ತಿರಬೇಕು.

ಇನ್ನು ಗೋವಾ. ಇಲ್ಲಿ 1984ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ನಮ್ಮ ಸ್ವಂತ ಕುಳಾಗರದ, ಅಂದರೆ ಅಡಿಕೆ ತೋಟದ, ಮರ ಕಡಿಯಲೂ ಅನುಮತಿ ಬೇಕು. ತಪ್ಪಲ್ಲ. ಕುಣಬಿ, ಗಾವಡಾ, ವೇಳಿಪ ಸಮುದಾಯಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಕಾಣಕೋಣ, ಸಾಂಗೆ, ಸತ್ತರಿಯ ಕಾಡಂಚಿನ ಊರುಗಳಲ್ಲಿ ಅರಣ್ಯ ಹಕ್ಕಿನ ಅರ್ಜಿಗಳು ತೆವಳುತ್ತಿವೆ. ಪಟ್ಟಿಯಲ್ಲಿ ಇಲ್ಲದವರಾದರೆ 13 ಡಿಸೆಂಬರ್ 2005ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿಯೇ ಇದ್ದದ್ದಕ್ಕೆ ಆಧಾರ ಕೊಡಬೇಕು. ಪೋರ್ಚುಗೀಸರ ಕಾಲದ ಕಾಗದವನ್ನು ಧನಗರರ ಅಜ್ಜಿ ಎಲ್ಲಿಂದ ತರಬೇಕು? ನೀವೆಲ್ಲ ಘನ ಮೀಟರಿನ ಮಾತಾಡುತ್ತಿದ್ದೀರಿ, ಇಲ್ಲಿ ಕಾಡು ಯಾರದ್ದು ಎಂಬುದೇ ಇನ್ನೂ ತೀರ್ಮಾನವಾಗಿಲ್ಲ.

ಇಪ್ಪೆಮರ (ಪುಣೆ, ಹಡಪಸರ)

ಅಕ್ಕ ಹೇಳಿದ್ದು ಸರಿ, ಮೊದಲು ಹಕ್ಕು, ಆಮೇಲೆ ಮಿತಿ. ಹಕ್ಕು ಸಿಕ್ಕ ಮೇಲೆ ಏನಾಗುತ್ತದೆ ಎಂಬುದಕ್ಕೆ ವಿದರ್ಭದ ಕಡೆ ನೋಡಬಹುದು. ನಾನು ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ಗ್ರಾಮಸಭೆಗಳ ಲೆಕ್ಕಪತ್ರದ ಕೆಲಸ ಮಾಡುತ್ತೇನೆ.

ಗಡಚಿರೋಲಿಯ ಮೇಂಢಾ ಲೇಖಾಕ್ಕೆ ಸುಮಾರು 1,800 ಹೆಕ್ಟೇರ್ ಕಾಡಿನ ಸಾಮುದಾಯಿಕ ಹಕ್ಕುಪತ್ರ 2009ರಲ್ಲಿ ಬಂತು. ಆದರೂ ಬಿದಿರು ಸಾಗಿಸುವ ಪರವಾನಗಿ ಸಿಗಲಿಲ್ಲ. 2011ರ ಏಪ್ರಿಲಿನಲ್ಲಿ ಅಂದಿನ ಕೇಂದ್ರ ಸಚಿವ ಜೈರಾಮ್ ರಮೇಶ್ ಊರಿಗೇ ಬಂದು ಪರವಾನಗಿ ಪುಸ್ತಕವನ್ನು ಗ್ರಾಮಸಭೆಯ ಕೈಗೆ ಕೊಟ್ಟರು. ಮುಂದೆ 2012ರ ನಿಯಮ ತಿದ್ದುಪಡಿಯಲ್ಲಿ ಆ ಪುಸ್ತಕ ಗ್ರಾಮಸಭೆಯ ಸಮಿತಿಯದ್ದೇ ಎಂದಾಯಿತು. ಕಾಳಿತೀರ ಸರ್ ಕೇಳಿದ ಸುತ್ತಿಗೆಗೆ ಸಮನಾದದ್ದು ಬಿದಿರಿನ ಮಟ್ಟಿಗೆ ಈಗ ಊರಿನಲ್ಲೇ ಇದೆ. ಅಲ್ಲಿ ತೀರ್ಮಾನಗಳು ಬಹುಮತದಿಂದ ಅಲ್ಲ, ಸರ್ವಾನುಮತದಿಂದ. ಬೇಗ ಆಗುವುದಿಲ್ಲ. ಒಬ್ಬ ಮುದುಕ ಒಪ್ಪದಿದ್ದರೆ ಮುಂದಿನ ಸಭೆ.

ಬಿದಿರಿನ ಮಿತಿ ಹೀಗೆ ಇರುತ್ತದೆ. ಈ ವರ್ಷದ ಗಳ ಮುಟ್ಟುವಂತಿಲ್ಲ, ಹೋದ ವರ್ಷದ್ದನ್ನೂ ಮುಟ್ಟುವಂತಿಲ್ಲ. ಒಂದು ಮೆಳೆಗೆ ಮೂರು ನಾಲ್ಕು ವರ್ಷಕ್ಕೊಮ್ಮೆ ಹೋಗುವುದು. ನೆಲದಿಂದ ಒಂದು ಗೇಣಿನ ಮೇಲೆ, ಗೆಣ್ಣಿನ ಪಕ್ಕದಲ್ಲೇ ಕತ್ತಿ ಹಾಕುವುದು. ಎತ್ತರದಲ್ಲಿ ಕಡಿದರೆ ಉಳಿದ ಕೊಳವೆಯಲ್ಲಿ ಮಳೆನೀರು ನಿಂತು ಕೊಳೆಯುತ್ತದೆ. ಮಳೆಗಾಲದಲ್ಲಿ ಕಳಲೆ ಏಳುವಾಗ ಪೂರ್ತಿ ರಜೆ. ಇಲ್ಲಿ ಒಂದೇ ಒಂದು ಘನ ಮೀಟರ್ ಇಲ್ಲ, ನೋಡಿ. ಕೂಲಿಗೆ ಹೋಗುವ ಹುಡುಗನಿಗೂ ನೆನಪಿರುವ ನಿಯಮಗಳು, ಮುರಿದವರು ಮೆಳೆಯ ಮುಂದೆ ನಿಂತರೆ ಕಣ್ಣಿಗೆ ಕಾಣುವ ನಿಯಮಗಳು.

ಚಂದ್ರಪುರ ಜಿಲ್ಲೆಯ ಪಾಚಗಾಂವ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬೀಡಿ ಎಲೆಯಿಂದ ಒಳ್ಳೆಯ ದುಡ್ಡು ಬರುತ್ತದೆ. ಆದರೆ ಹೊಸ ಚಿಗುರಿಗಾಗಿ ಕೊಂಬೆ ಕಡಿಯುತ್ತಾರೆ, ಬೆಂಕಿ ಹಾಕುತ್ತಾರೆ. ನಮಗೆ ಬಿದಿರು ಸಾಕು, ಎಲೆ ಬೇಡ ಎಂದು ಗ್ರಾಮಸಭೆಯೇ ನಿರ್ಧರಿಸಿತು. ಕಾಡಿನ ಒಂದು ಭಾಗವನ್ನು ದೇವರಕಾಡಿನಂತೆ ಪೂರ್ತಿ ಬಿಟ್ಟಿತು. ರಾಯರೇ, ನಿಮ್ಮ ಸೊನ್ನೆ ಇಲ್ಲಿಯೂ ಇದೆ. ಅದನ್ನು ಬರೆದವರು ಊರಿನವರೇ.

ಕಾಳಿತೀರ (ಗೋವಾ, ಮಡಗಾಂವ)

ಇಪ್ಪೆಮರ ಮೇಡಂ, ಬಿದಿರು ಹುಲ್ಲು. ಮೂರು ವರ್ಷದಲ್ಲಿ ಗಳ ಬಲಿಯುತ್ತದೆ. ಕಡಿದವನೇ ಮತ್ತೆ ಬಂದು ನೋಡುತ್ತಾನೆ. ಹೊನ್ನೆಯನ್ನು ಕಡಿದವನು ಅದರ ಬದಲಿ ಮರ ಏಳುವುದನ್ನು ನೋಡಲು ಬದುಕಿರುವುದಿಲ್ಲ. ಬಿದಿರಿನಲ್ಲಿ ಗೆದ್ದ ಊರು ನಾಟಾದಲ್ಲಿಯೂ ಗೆಲ್ಲುತ್ತದೆ ಎಂದು ಹೇಗೆ ಹೇಳುತ್ತೀರಿ? ಇಲಾಖೆಯ ಬಗ್ಗೆ ಏನೇ ಹೇಳಿ, ನೂರು ವರ್ಷ ಹಳೆಯ ಕೂಪಿನ ನಕ್ಷೆ ಇಂದಿಗೂ ಕಪಾಟಿನಲ್ಲಿ ಇರುತ್ತದೆ. ಐದು ವರ್ಷಕ್ಕೆ ಬದಲಾಗುವ ಸಮಿತಿ ಅದನ್ನು ಇಡುತ್ತದೆಯೆ?

ಗೀಜಗ (ಮುಂಬಯಿ, ಮುಲುಂಡ)

ಸರ್ ಅವರ ಪ್ರಶ್ನೆ ಗಟ್ಟಿಯಾಗಿದೆ. ಅದಕ್ಕೆ ಮೆಕ್ಸಿಕೋದ ಅನುಭವ ಸೇರಿಸುತ್ತೇನೆ. ಕಿಂಟಾನಾ ರೋದಲ್ಲಿ ಕಾಡಿನ ಗುತ್ತಿಗೆ ಕಂಪನಿಯ ಕಾಲ ಮುಗಿದು, 1983ರಿಂದ ಎಹಿಡೊ ಎಂಬ ಹಳ್ಳಿ ಸಂಸ್ಥೆಗಳೇ ಮಹಾಗನಿಯನ್ನು ನೋಡಿಕೊಳ್ಳತೊಡಗಿದವು. 75 ವರ್ಷದಲ್ಲಿ ಸಸಿ 55 ಸೆಂಟಿಮೀಟರ್ ವ್ಯಾಸಕ್ಕೆ ಬರುತ್ತದೆ ಎಂದು ಹಿಡಿದು, 25 ವರ್ಷದ ಮೂರು ಸುತ್ತು ಮಾಡಿದರು. 55ಕ್ಕಿಂತ ಚಿಕ್ಕದನ್ನು ಕಡಿಯುವಂತಿಲ್ಲ. ಕಾಗದದ ಮೇಲೆ ಅಚ್ಚುಕಟ್ಟು. ಆದರೆ ಮಹಾಗನಿ ಬಿಸಿಲು ಬೇಡುವ ಮರ. ಚಂಡಮಾರುತ, ಬೆಂಕಿ, ಹಳೆಯ ಮಾಯಾ ಬೇಸಾಯ ಬಿಟ್ಟುಹೋದ ಬಯಲುಗಳಲ್ಲಿ ಹುಟ್ಟಿ ಬೆಳೆದದ್ದು. ಅಲ್ಲೊಂದು ಇಲ್ಲೊಂದು ದೊಡ್ಡ ಮರ ತೆಗೆದಾಗ ಆಗುವ ಸಣ್ಣ ಕಿಂಡಿಯಲ್ಲಿ ಅದರ ಸಸಿ ಮೇಲೇಳುವುದಿಲ್ಲ, ನೆರಳಿನ ಜಾತಿಗಳು ಗೆಲ್ಲುತ್ತವೆ. ಹೀಗೆ ಕಡಿತವನ್ನು ಎಷ್ಟು ಹಗುರ ಮಾಡಿದರೂ ಮುಂದಿನ ಪೀಳಿಗೆಯ ಮಹಾಗನಿ ಬರದೆ ಹೋಗಬಹುದು. ಕಿಂಡಿ ದೊಡ್ಡದು ಮಾಡಿದರೆ ಉಳಿದ ಕಾಡಿಗೆ ಪೆಟ್ಟು.

ಉಷ್ಣವಲಯದ ಕಡಿತದ ಬಗ್ಗೆ ನೂರಕ್ಕೂ ಹೆಚ್ಚು ಪ್ರಕಟಣೆಗಳನ್ನು ಒಟ್ಟುಗೂಡಿಸಿದ 2012ರ ಒಂದು ವಿಶ್ಲೇಷಣೆ ಇದೆ. ಹಗುರ ಕಡಿತವಾದ ಕಾಡಿನಲ್ಲಿ ಹಕ್ಕಿ, ಪ್ರಾಣಿ, ಗಿಡಗಳ ಜಾತಿಗಳು ಬಹುಪಾಲು ಉಳಿಯುತ್ತವೆ. ನಾಟಾದ ಇಳುವರಿ ಮಾತ್ರ ಮೊದಲ ಕಡಿತದ ನಂತರ ಸುಮಾರು 46 ಪ್ರತಿಶತ ಇಳಿಯುತ್ತದೆ. ಮೊದಲ ಸಲ ಸಿಗುವುದು ಇನ್ನೂರು ಮುನ್ನೂರು ವರ್ಷ ಕೂಡಿದ ಮರ. ಎರಡನೆಯ ಸಲ ಸಿಗುವುದು ಸುತ್ತಿನ ಅವಧಿಯಲ್ಲಿ ಬೆಳೆದದ್ದು ಮಾತ್ರ. ಗ್ರಾಮಸಭೆ ಮೊದಲ ಸುತ್ತಿನ ಆದಾಯ ನಂಬಿ ಕೊಯ್ಯುವ ಗಿರಣಿ ಹಾಕಿದರೆ, ಎರಡನೆಯ ಸುತ್ತಿನಲ್ಲಿ ಗಿರಣಿಯ ಹೊಟ್ಟೆ ತುಂಬಿಸಲು ಮಿತಿಯನ್ನೇ ಸಡಿಲಿಸಬೇಕಾಗುತ್ತದೆ. ಸಾಲ ಮಾಡಿ ಗಿರಣಿ ಹಾಕಿದ್ದರೆ ಕೇಳುವುದೇ ಬೇಡ.

ಇಪ್ಪೆಮರ (ಪುಣೆ, ಹಡಪಸರ)

ಗಿರಣಿಯ ಮಾತು ಬಹಳ ಮುಖ್ಯ. ನಾನು ನೋಡಿದ ಊರುಗಳಲ್ಲಿಯೂ ಕಾಡಿನ ಮೇಲಿನ ಒತ್ತಡ ಬರುವುದು ಹಸಿವಿನಿಂದಲ್ಲ, ಕಂತಿನಿಂದ.

ಕತಗಾಲದವ (ಪುಣೆ, ವಾರಜೆ)

ಕಾಳಿತೀರ ಸರ್, ಸಮಿತಿ ನೂರು ವರ್ಷ ಬಾಳುತ್ತದೆಯೆ ಎಂದಿರಿ. ನಮ್ಮ ಕುಮಟಾ ತಾಲೂಕಿನ ಹಳಕಾರ ನಿಮಗೆ ಗೊತ್ತೇ ಇದೆ. ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದಾಗ, 1920ರ ದಶಕದಲ್ಲಿ, ಹಳಕಾರ, ಮೂರೂರು-ಕಲ್ಲಬ್ಬೆ, ಚಿತ್ರಗಿ ಊರುಗಳಿಗೆ ಗ್ರಾಮ ಅರಣ್ಯ ಪಂಚಾಯತಿಗಳು ಬಂದವು. ಊರಿನವರೇ ಕಾವಲುಗಾರನನ್ನು ಇಟ್ಟು, ಪಾಸು ಕೊಟ್ಟು, ದಂಡ ಹಾಕಿ ಕಾಡು ಕಾದರು. 1979ರಲ್ಲಿ ನಮ್ಮದೇ ರಾಜ್ಯ ಸರ್ಕಾರ ಇವನ್ನು ರದ್ದು ಮಾಡಲು ಆದೇಶ ಹೊರಡಿಸಿತು. ಹಳಕಾರದವರು ಕೋರ್ಟಿಗೆ ಹೋದರು, ಕಾಡನ್ನು ಬಿಟ್ಟುಕೊಡಲಿಲ್ಲ. ಸಮಿತಿ ಬಾಳಿತು, ಅದನ್ನು ಮುಗಿಸಲು ಹೊರಟವರು ಬೇರೆಯವರು.

ಕಾಳಿತೀರ (ಗೋವಾ, ಮಡಗಾಂವ)

ಹಳಕಾರದ ಕಾಡನ್ನು ನಾನೂ ನಡೆದು ನೋಡಿದ್ದೇನೆ. ಪೇಟೆಯ ಮಗ್ಗುಲಲ್ಲಿ ಅಂಥ ಕಾಡು ಇಲಾಖೆಯ ಕೈಯಲ್ಲಿ ಉಳಿಯುತ್ತಿರಲಿಲ್ಲ, ಇದನ್ನು ಬರೆಯಲು ನನಗೆ ಸಂಕೋಚವಿಲ್ಲ. ಆದರೆ ಹಳಕಾರ ಮಾರಾಟದ ನಾಟಾಕ್ಕೆ ನಿಂತ ಕಾಡಲ್ಲ, ಉರುವಲು ಮತ್ತು ದರಕಿನ ಕಾಡು. ಲಾರಿ ಬರುವ ದಿನ ಊರಿನ ಒಗ್ಗಟ್ಟು ಹೇಗಿರುತ್ತದೆ ಎಂಬುದೇ ಪರೀಕ್ಷೆ.

ಮಾಟುಂಗಾ ರಾಯ (ಮುಂಬಯಿ)

ಲಾರಿ ಬಂದ ಊರುಗಳ ಗತಿ ಏನಾಯಿತು ಎಂದು ಯಾರಾದರೂ ಹೇಳಿ. ಗ್ವಾಟೆಮಾಲಾ ಎಂದು ಆರಂಭದಲ್ಲಿ ಹೇಳಿ ಬಿಟ್ಟುಬಿಟ್ಟಿರಿ.

ಗೀಜಗ (ಮುಂಬಯಿ, ಮುಲುಂಡ)

ಮಾಯಾ ಜೀವಮಂಡಲ ಮೀಸಲು 1990ರಲ್ಲಿ ಆಯಿತು. ಅದರ ಬಹು ಬಳಕೆಯ ವಲಯದಲ್ಲಿ 1994ರಿಂದ ಹಳ್ಳಿಗರ ಸಂಸ್ಥೆಗಳಿಗೆ 25 ವರ್ಷದ ಗುತ್ತಿಗೆ ಕೊಟ್ಟರು. ಕಾಡನ್ನು ಸರಿಯಾಗಿ ನೋಡಿಕೊಳ್ಳುತ್ತಿದ್ದಾರೆ ಎಂದು ಹೊರಗಿನ ಸಂಸ್ಥೆಯಿಂದ ಪ್ರಮಾಣಪತ್ರ ಪಡೆಯುವುದು ಕಡ್ಡಾಯ, ಇಲ್ಲದಿದ್ದರೆ ಗುತ್ತಿಗೆ ಇಲ್ಲ. ಹೆಕ್ಟೇರಿಗೆ ಕಡಿಯುವುದು ಒಂದೆರಡು, ಹೆಚ್ಚೆಂದರೆ ಮೂರು ಮರ. ಅದೇ ಮೀಸಲಿನ ಪಶ್ಚಿಮದಲ್ಲಿ ಯಾವ ಮರವನ್ನೂ ಕಡಿಯಬಾರದ ರಾಷ್ಟ್ರೀಯ ಉದ್ಯಾನ ಲಗುನಾ ದೆಲ್ ತಿಗ್ರೆ ಇದೆ. ಅಲ್ಲಿ ದನದ ಹುಲ್ಲುಗಾವಲಿಗಾಗಿ ಕಾಡು ಸುಟ್ಟು ಕರಗಿತು. ಕಾರ್ಮೆಲಿತಾ, ವಾಶಕ್ತುನ್ ಮುಂತಾದ ಹಳ್ಳಿಗಳ ಗುತ್ತಿಗೆ ಕಾಡು ಬಹುಮಟ್ಟಿಗೆ ನಿಂತಿದೆ. ಎಲ್ಲ ಹಳ್ಳಿಗಳೂ ಗೆಲ್ಲಲಿಲ್ಲ. ಕೆಲವು ಭೂಮಿಯನ್ನು ದನದ ಸಾಹುಕಾರರಿಗೆ ಬಿಟ್ಟುಕೊಟ್ಟು ಗುತ್ತಿಗೆ ಕಳೆದುಕೊಂಡವು. ಮರದ ಕೆಲಸ ಮೊದಲೇ ಗೊತ್ತಿದ್ದ, ಕಾಡಿನಲ್ಲೇ ಹುಟ್ಟಿದ ಊರುಗಳು ಉಳಿದವು. ಹೊಸದಾಗಿ ವಲಸೆ ಬಂದು ಬೇಸಾಯ ಬಯಸಿದ ಊರುಗಳು ಸೋತವು.

ಅಲ್ಲಿ ಮಿತಿಯಷ್ಟೇ ಮುಖ್ಯವಾದದ್ದು ಕಡಿಯುವ ರೀತಿ. ಬಳ್ಳಿಗಳನ್ನು ತಿಂಗಳುಗಳ ಮೊದಲೇ ಕತ್ತರಿಸಿ ಒಣಗಲು ಬಿಡಬೇಕು. ಬಳ್ಳಿ ಹಸಿಯಾಗಿದ್ದರೆ ಬೀಳುವ ಮರ ನೆರೆಯ ನಾಲ್ಕನ್ನು ಎಳೆದುಕೊಂಡು ಬೀಳುತ್ತದೆ. ಬೀಳುವ ದಿಕ್ಕನ್ನು ಮೊದಲೇ ಗೊತ್ತು ಮಾಡಬೇಕು, ಎಳೆಯುವ ದಾರಿಯನ್ನು ನಕ್ಷೆಯಲ್ಲಿ ಹಾಕಬೇಕು. ಸಲ್ಕಣಿಯವರ ದೂರು ಕೂಡ ಇದೇ ಆಗಿತ್ತಲ್ಲವೆ? ಗುರುತಿದ್ದ ಮರಕ್ಕಿಂತ ಗುರುತಿಲ್ಲದ ಮರಗಳು ಹೆಚ್ಚು ಮುರಿದವು. ಹಾಗಾದರೆ ಕಡಿದ ಮರದ ಲೆಕ್ಕದಲ್ಲಿ ಮುರಿದದ್ದನ್ನೂ ಸೇರಿಸಬೇಕು.

ಮಾಟುಂಗಾ ರಾಯ (ಮುಂಬಯಿ)

ಉದ್ಯಾನ ಕರಗಿ, ಕಡಿಯುವವರ ಕಾಡು ಉಳಿದದ್ದು ಓದಲು ಹಿತವಾಗಿಲ್ಲ. ಆದರೆ ಅದು ಗ್ವಾಟೆಮಾಲಾ. ಪಶ್ಚಿಮ ಘಟ್ಟದ ನಿತ್ಯಹಸಿರು ಕಾಡಿನ ಮಟ್ಟಿಗೆ ನನ್ನ ಸೊನ್ನೆಯನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ. ಅಲ್ಲಿ ಕಡಿದದ್ದು ನಮ್ಮ ಕಾಲದಲ್ಲಿ ಮರಳಿ ಬರುವುದನ್ನು ಯಾರೂ ಕಂಡಿಲ್ಲ.

ಕತಗಾಲದವ (ಪುಣೆ, ವಾರಜೆ)

ನಿತ್ಯಹಸಿರಿಗೆ ಸೊನ್ನೆ ಎಂಬುದಕ್ಕೆ ನನ್ನ ಕೈಯೂ ಮೇಲೆ. ನನ್ನ ಮಾತು ಎಲೆ ಉದುರುವ ಕಾಡಿನದ್ದು, ಕಡಿದರೆ ಬುಡದಿಂದ ಚಿಗುರುವ ಜಾತಿಗಳದ್ದು.

ಕುಳಾಗರ (ಗೋವಾ, ಫೋಂಡಾ)

ಪುಣೆಯವರು ಪುಣೆಯ ಪಕ್ಕವನ್ನೂ ನೋಡಬೇಕು. ಜುನ್ನರ, ಆಂಬೇಗಾಂವದ ಮಹಾದೇವ ಕೋಳಿ ಊರುಗಳು ನಾಟಾ ಕೇಳುತ್ತಿಲ್ಲ. ಅವರಿಗೆ ಹಿರಡಾ ಬೇಕು, ನಮ್ಮ ಅಳಲೆಕಾಯಿ. ಎಳೆಯ ಕಾಯಿ ಒಣಗಿಸಿ ಮಾರಿದರೆ ವರ್ಷದ ಖರ್ಚು ಸಾಗುತ್ತದೆ. ನಿಂತ ಅಳಲೆ ಮರಕ್ಕೆ ಕಡಿದ ಅಳಲೆ ಮರಕ್ಕಿಂತ ಹೆಚ್ಚು ಬೆಲೆ. ಅಲ್ಲಿ ನಾಟಾದ ಮಿತಿ ಕೇಳುವುದು ಇಲ್ಲದ ರೋಗಕ್ಕೆ ಔಷಧಿ ಹುಡುಕಿದಂತೆ. ಆದ್ದರಿಂದ ಎಲ್ಲ ಗ್ರಾಮಸಭೆಗೂ ನಾಟಾ ಎಂಬ ಭಾನುವಾರದ ಬೇಡಿಕೆ ನನಗೆ ಒಪ್ಪಿಗೆಯಿಲ್ಲ.

ಇಪ್ಪೆಮರ (ಪುಣೆ, ಹಡಪಸರ)

ನಿಜ ಅಕ್ಕ. ಬೇಡಿಕೆ ಇರುವ ಕಡೆ ಏನು ಮಾಡಬೇಕೆಂಬುದು ಉಳಿಯುತ್ತದೆ. ಕಾಯ್ದೆಯ ಒಂದು ವಿಚಿತ್ರ ಹೇಳುತ್ತೇನೆ. ಕಿರು ಅರಣ್ಯ ಉತ್ಪನ್ನದ ಪಟ್ಟಿಯಲ್ಲಿ ಕುರುಚಲು ಕಟ್ಟಿಗೆ ಇದೆ, ಮರದ ಮೋಟೂ ಇದೆ. ಅಂದರೆ ಗಾಳಿಗೆ ಒಂದು ಮತ್ತಿ ಉರುಳಿದರೆ ಮೋಟು ಊರಿನದ್ದು, ಕಾಂಡ ಊರಿನದ್ದಲ್ಲ. ಕಾಂಡ ಅಲ್ಲಿಯೇ ಗೆದ್ದಲು ಹಿಡಿಯುವುದನ್ನು ಜನ ನೋಡುತ್ತಾರೆ, ಮನೆಯ ಜಂತಿಗೆ ಪೇಟೆಯಿಂದ ಕಬ್ಬಿಣ ತರುತ್ತಾರೆ.

ಕಾಳಿತೀರ (ಗೋವಾ, ಮಡಗಾಂವ)

ನಿಸ್ತಾರ್ ಹಕ್ಕಿನ, ಅಂದರೆ ಮನೆ ಬಳಕೆಗೆ ಕಾಡಿನಿಂದ ತರುವ ಹಳೆಯ ಹಕ್ಕಿನ, ದಾಖಲೆ ಇರುವ ಊರಿನಲ್ಲಿ ಮನೆ ಬಳಕೆಗೆ ದಾರಿ ಇದೆ, ಅದನ್ನು ಹುಡುಕಿ ತೆಗೆಯಬೇಕು. ಕಾಂಡ ಎಲ್ಲವೂ ಗೆದ್ದಲಿಗೆ ಹೋಗಬಾರದು, ಆದರೆ ಎಲ್ಲವನ್ನೂ ಎತ್ತಲೂಬಾರದು. ಹುಳು, ದುಂಬಿ, ಅಣಬೆಗಳಿಗೆ ಬಿದ್ದ ಮರವೇ ಮನೆ.

ಒಂದು ಸಲಹೆ. ನಾಟಾ ಬೇಕೆನ್ನುವ ಗ್ರಾಮಸಭೆ ಮೊದಲು ಬಿದ್ದ ಮರದ ಪುಸ್ತಕ ಇಡಲಿ. ಜಾತಿ, ಸುತ್ತಳತೆ, ಬಿದ್ದ ತಿಂಗಳು, ಎಲ್ಲಿ. ಜೊತೆಗೆ ಹತ್ತಾರು ಕಡೆ ಚೌಕ ಹಾಕಿ, ನಿಂತ ಮರಗಳಿಗೆ ಎದೆಮಟ್ಟದಲ್ಲಿ ಬಣ್ಣದ ಗೆರೆ ಬಳಿದು, ಪ್ರತಿ ವರ್ಷ ಅದೇ ಗೆರೆಯ ಮೇಲೆ ಟೇಪು ಸುತ್ತಲಿ. ಗೆರೆ ಬಳಿಯದೆ ಅಳೆದರೆ ಟೇಪು ನಾಲ್ಕು ಬೆರಳು ಮೇಲೆ ಕೆಳಗೆ ಹೋಗಿ ಮರ ಕುಗ್ಗಿದಂತೆಯೂ ಲೆಕ್ಕ ಬರುತ್ತದೆ, ನಾನು ಕಂಡಿದ್ದೇನೆ. ಹತ್ತು ವರ್ಷ ಕಳೆದರೆ ಆ ಕಾಡು ಎಷ್ಟು ಬೆಳೆಯುತ್ತದೆ, ಎಷ್ಟು ಸಾಯುತ್ತದೆ ಎಂಬುದು ಊರಿನ ಕೈಯಲ್ಲಿ ಇರುತ್ತದೆ. ಸಾಯುವಷ್ಟನ್ನೂ ದಾಟದ ಕಡಿತಕ್ಕೆ ಅನುಮತಿ ಕೇಳಿದರೆ ಯಾವ ಅಧಿಕಾರಿಗೂ ಬೇಡವೆನ್ನಲು ಕಾರಣ ಸಿಗದು. ಪುಸ್ತಕ ಇಡದ ಊರಿಗೆ ಸುತ್ತಿಗೆ ಕೊಡಬಾರದು. ಇಲಾಖೆಗೂ ಇದೇ ನಿಯಮ ಹಾಕಿ, ನನ್ನ ತಕರಾರಿಲ್ಲ.

ಕತಗಾಲದವ (ಪುಣೆ, ವಾರಜೆ)

ಹತ್ತು ವರ್ಷ ಎಂದರೆ ಊರಿನ ಹುಡುಗರು ಕಾಯುತ್ತಾರೆಯೆ ಎಂಬ ಅನುಮಾನ ಇದೆ, ಸರ್. ಆದರೆ ಟೇಪಿಗೂ ಬಣ್ಣಕ್ಕೂ ಯಾರ ಪರವಾನಗಿಯೂ ಬೇಡ. ಇಪ್ಪೆಮರ ಅವರೇ, ನಿಮ್ಮ ಗ್ರಾಮಸಭೆಗಳಲ್ಲಿ ಒಂದಾದರೂ ಇದಕ್ಕೆ ಒಪ್ಪಬಹುದೆ?

ಇಪ್ಪೆಮರ (ಪುಣೆ, ಹಡಪಸರ)

ಕೇಳುತ್ತೇನೆ. ದೀಪಾವಳಿ ಮುಗಿದ ಮೇಲೆ, ಬಿದಿರು ಕಡಿತ ಶುರುವಾಗುವ ಮೊದಲಿನ ಸಭೆಯಲ್ಲಿ ಇಡಬಹುದು. ಬಿದಿರು ಕಡಿಯುವವರೇ ಚೌಕ ಅಳೆಯಲಿ, ಬೇರೆ ಕೂಲಿ ಬೇಕಾಗುವುದಿಲ್ಲ. ಗೀಜಗ, ನೀವು ಒಂದು ಹಾಳೆಯ ನಮೂನೆ ಮರಾಠಿಯಲ್ಲಿ ಮಾಡಿಕೊಡಿ. ಕಾಲಮು ಐದಕ್ಕಿಂತ ಹೆಚ್ಚಾದರೆ ಯಾರೂ ತುಂಬುವುದಿಲ್ಲ.

ದಿಮ್ಮಿ ಅಣ್ಣ (ಪುಣೆ, ಟಿಂಬರ್ ಮಾರ್ಕೆಟ್)

ಬಿದ್ದ ಮತ್ತಿಗೆ ಮುಂದೊಂದು ದಿನ ಕಾನೂನು ದಾರಿ ಬಿಟ್ಟರೆ ನಾನು ಬೆಲೆ ಕಟ್ಟಿ ಕೊಳ್ಳುತ್ತೇನೆ, ಮತ್ತಿಯ ಚೌಕಟ್ಟು ಒಯ್ಯಲು ನಾಲ್ಕು ಗಿರಾಕಿಗಳನ್ನೂ ಹುಡುಕುತ್ತೇನೆ. ಆದರೆ ನಮೂನೆಯಲ್ಲಿ ಒಂದು ಕಾಲಮು ಯಾವ ಲೆಕ್ಕದ ಘನ ಮೀಟರ್ ಎಂಬುದಕ್ಕೆ ಇರಲಿ. ಸಾಗಣೆ ಪರವಾನಗಿ ಇಲ್ಲದ ದಿಮ್ಮಿ ನನ್ನ ಗೋದಾಮಿನ ಗೇಟು ದಾಟುವುದಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ.